ಬೆಳಗಿನ ಜಾವ 3:40ಕ್ಕೆ ಮೆಣಸು ಕೊಯ್ದ ಭಾವ

ನಮ್ಮ ಭಾವ ಬೆಳಗ್ಗೆ ಏಳಕ್ಕೆ ಮುಂಚೆ ಎದ್ದಿದ್ದನ್ನು ಅಕ್ಕನೂ ನೋಡಿಲ್ಲ. ಅಂಥ ಮನುಷ್ಯ ಫೆಬ್ರವರಿ ಚಳಿಯಲ್ಲಿ, ಬೆಳಗಿನ ಜಾವ 3:40ಕ್ಕೆ, ಸಿಲ್ವರ್ ಮರಕ್ಕೆ ಏಣಿ ಇಟ್ಟು ಕರಿಮೆಣಸು ಕೊಯ್ಯುತ್ತಿದ್ದರು ಅಂತ ಮಡಿಕೇರಿ ಕೋರ್ಟಿನ ಕಡತದಲ್ಲಿ ಈಗ ದಾಖಲಾಗಿದೆ. ದಾಖಲು ಮಾಡಿಸಿದ್ದು ನಾನೇ. ಅದೂ ಪ್ರಮಾಣ ಮಾಡಿ.

ಮೊದಲಿಂದ ಹೇಳ್ತೀನಿ.

2021ರ ಡಿಸೆಂಬರಿನಲ್ಲಿ ಭಾವನ ಬೈಕಿಗೆ ಒಂದು ಪಿಕಪ್ ಗುದ್ದಿತು. ಸುಂಟಿಕೊಪ್ಪದಿಂದ ಮನೆಗೆ ಹೋಗುವ ದಾರಿ, ಮಂಜು, ತಿರುವು, ಮಾಮೂಲಿ ಕತೆ. ಸೊಂಟದ ಮೂಳೆ ಮುರಿದಿತ್ತು. ಮೈಸೂರಿನಲ್ಲಿ ಆಪರೇಷನ್, ರಾಡು, ಆರು ತಿಂಗಳು ಮಂಚ. ಈಗ ನಡೀತಾರೆ, ಆದರೆ ಇಳಿಜಾರಿನ ತೋಟದಲ್ಲಿ ಕೆಲಸ ಆಗಲ್ಲ, ಏಣಿ ಹತ್ತೋದಂತೂ ಮುಗಿದ ಮಾತು. 2022ರಲ್ಲಿ ಅಪಘಾತ ಪರಿಹಾರಕ್ಕೆ ಕೇಸು ಹಾಕಿದೆವು. ಎದುರುಗಡೆ ಇರೋದು ಪಿಕಪ್‌ನ ವಿಮೆ ಕಂಪನಿ. ಹೆಸರು ಬೇಡ ಬಿಡಿ, ಅವರು ಅವರ ಕೆಲಸ ಮಾಡಿದರು.

2023ರ ಫೆಬ್ರವರಿಯಲ್ಲಿ, ಮನೇಲಿ ಕೂತು ಕೂತು ಬೇಜಾರಾಗಿ, ಭಾವ ಫೇಸ್‌ಬುಕ್ಕಿಗೆ ಒಂದು ಫೋಟೋ ಹಾಕಿದ್ದಾರೆ. ಒಂಟಿ ಬಿದಿರಿನ ಏಣಿ, ಅದರ ತುದಿಯಲ್ಲಿ ಭಾವ, ಸೊಂಟಕ್ಕೆ ಕಟ್ಟಿದ ಚೀಲ, ಕೈಯಲ್ಲಿ ಗೊಂಚಲು, ಬಾಯಿ ತುಂಬ ನಗು. ಮೇಲೆ ಒಂದು ಸಾಲು: 'ಮೆಣಸು ಕೊಯ್ಲು ಶುರು!' ಜೊತೆಗೆ ತೋಳು ಮಡಚಿದ ಎಮೋಜಿ. ತೋಟದಲ್ಲಿ ಕೊಯ್ಲು ಶುರುವಾಗಿದ್ದು ನಿಜ. ಕೊಯ್ದಿದ್ದು ಕೆಲಸದವರು. ಫೋಟೋ ಮಾತ್ರ ಆರು ವರ್ಷ ಹಳೇದು, ಅದನ್ನು ತೆಗೆದಿದ್ದು ನಾನು. ಹಳೇದು ಅಂತ ಅವರು ಬರೆದಿರಲಿಲ್ಲ. ಯಾರು ಬರೀತಾರೆ ಹೇಳಿ?

ಅದೇ ವರ್ಷ ನವೆಂಬರಿನಲ್ಲಿ ಪಾಟಿ ಸವಾಲು. ಕಂಪನಿ ವಕೀಲರು ಅರ್ಧ ಗಂಟೆ ಲೈಸೆನ್ಸು, ಹೆಲ್ಮೆಟ್ಟು, ಆದಾಯ ಅಂತೆಲ್ಲ ಕೇಳಿದರು. ಕೊನೆಗೆ ಕಡತದಿಂದ ಒಂದು ಬಣ್ಣದ ಪ್ರಿಂಟೌಟ್ ತೆಗೆದು ತುಂಬ ಮೃದುವಾಗಿ ಕೇಳಿದರು, 'ಇದರಲ್ಲಿರೋದು ನೀವೇ ಅಲ್ವಾ?' ಭಾವ ಹೌದು ಅಂದರು. ಇನ್ನೇನು ಹೇಳ್ತಾರೆ, ಅವರೇ ತಾನೆ. 'ಇದು ನಿಮ್ಮ ಫೇಸ್‌ಬುಕ್ ಖಾತೆಯೇ?' ಹೌದು. 'ತಾರೀಕು 2023ರ ಫೆಬ್ರವರಿ ಅಲ್ವಾ?' ಹೌದು.

ನಮ್ಮ ಕೋರ್ಟುಗಳಲ್ಲಿ ಸಾಕ್ಷಿ ಹೇಳಿಕೆ ಬರೆದುಕೊಳ್ಳುವ ಕನ್ನಡ ನಿಮಗೆ ಗೊತ್ತಿರಬಹುದು. ಪ್ರಶ್ನೆ ಉತ್ತರ ಎರಡನ್ನೂ ಅರೆದು ಒಂದೇ ವಾಕ್ಯ ಮಾಡ್ತಾರೆ. 'ನಿಶಾನೆ ಆರ್-3ರಲ್ಲಿ ಏಣಿ ಮೇಲೆ ಇರುವವನು ನಾನೇ ಎಂದರೆ ಸರಿ.' (ನಿಶಾನೆ ಆರ್-3 ಅಂದರೆ ಆ ಪ್ರಿಂಟೌಟಿಗೆ ಕೋರ್ಟು ಕೊಟ್ಟ ನಂಬರು.) 'ಅಪಘಾತದ ನಂತರವೂ ನಾನು ಮರ ಹತ್ತಿ ಕೆಲಸ ಮಾಡುತ್ತಿದ್ದೇನೆ ಎಂದರೆ ಸರಿಯಲ್ಲ.' ಓದುವವರಿಗೆ ಮೊದಲನೆಯದು ಎರಡನೆಯದನ್ನು ಸುಳ್ಳು ಮಾಡಿದ ಹಾಗೆ ಕಾಣುತ್ತದೆ. ಭಾವ ಸಿಟ್ಟಿನಲ್ಲಿ 'ಸಾರ್, ಅದು ಹಳೇ ಫೋಟೋ' ಅಂದಿದ್ದೂ ದಾಖಲಾಯಿತು. ಆದರೆ ಸಿಕ್ಕಿಬಿದ್ದವನು ಹೇಳುವ ನೆಪದ ಥರ.

ಇಲ್ಲಿವರೆಗೂ ಪರವಾಗಿರಲಿಲ್ಲ. ಆಮೇಲೆ ಭಾವ ಮಾಡಿದ ಕೆಲಸ ಕೇಳಿ. ಮನೆಗೆ ಬಂದವರೇ ಊಟನೂ ಮಾಡದೆ ಫೇಸ್‌ಬುಕ್ ತೆಗೆದು ಆ ಪೋಸ್ಟನ್ನು ಅಳಿಸಿದರು. ಅಷ್ಟಕ್ಕೇ ಬಿಡದೆ, ಮೆಣಸು ಕಾಫಿ ಏಣಿ ಕತ್ತಿ ಅಂತ ಇದ್ದ ಫೋಟೋಗಳನ್ನೆಲ್ಲ ಹುಡುಕಿ ಹುಡುಕಿ ಅಳಿಸಿದರು. ಅದರಲ್ಲಿ 2017ರಲ್ಲಿ ಇದೇ ಫೋಟೋ ಮೊದಲ ಸಲ ಹಾಕಿದ ಪೋಸ್ಟೂ ಹೋಯಿತು. ಅಂದರೆ ಫೋಟೋ ಹಳೇದು ಅಂತ ತೋರಿಸೋಕೆ ಇದ್ದ ಸುಲಭದ ಸಾಕ್ಷಿಯನ್ನು ಸ್ವಂತ ಹೆಬ್ಬೆರಳಿನಿಂದಲೇ ಒರೆಸಿ ಹಾಕಿದರು. ಅಳಿಸಿದ ಪೋಸ್ಟು ಫೇಸ್‌ಬುಕ್ಕಿನ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ಅಷ್ಟರೊಳಗೆ ಹೇಳಿದ್ದರೆ ವಾಪಸ್ ತರಬಹುದಿತ್ತು. ನನಗೆ ಹೇಳಿದ್ದು ಜನವರಿಯಲ್ಲಿ, ಯಾರದೋ ಮದುವೆಯಲ್ಲಿ, ವಾಲಗದ ಸದ್ದಿನ ಮಧ್ಯೆ. ನನಗೆ ಅರ್ಧ ಕೇಳಿಸಲಿಲ್ಲ, ಕೇಳಿಸಿದ್ದು ಸಾಕಾಯಿತು.

ನಮ್ಮ ವಕೀಲರು ತಲೆ ಮೇಲೆ ಕೈ ಹೊತ್ತರು. ಪೋಸ್ಟಿಗಿಂತ ಅಳಿಸಿದ್ದೇ ದೊಡ್ಡ ತಲೆನೋವು ಅಂದರು. ಎದುರು ಪಾರ್ಟಿ ಹತ್ತಿರ ಪ್ರಿಂಟ್ ಇದ್ದೇ ಇದೆ, ಈಗ 'ಸಾಚಾ ಆಗಿದ್ದರೆ ಯಾಕೆ ಅಳಿಸಿದಿರಿ' ಅನ್ನುವ ಹೊಸ ಪ್ರಶ್ನೆ ಸಿಕ್ಕಿತು. ಸಾಕ್ಷಿಯಾಗಬಾರದು ಅಂತ ಎಲೆಕ್ಟ್ರಾನಿಕ್ ದಾಖಲೆ ನಾಶ ಮಾಡೋದು ಅಪರಾಧವೇ ಅನ್ನೋದೂ ನನಗೆ ಅವತ್ತೇ ಗೊತ್ತಾಗಿದ್ದು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 241ನೇ ಸೆಕ್ಷನ್, ಹಳೇ ಐಪಿಸಿಯಲ್ಲೂ ಇತ್ತು. ಅಮೆರಿಕದ ವರ್ಜೀನಿಯಾದಲ್ಲಿ ಒಂದು ಅಪಘಾತದ ಕೇಸಿನಲ್ಲಿ ವಕೀಲರೇ ಕಕ್ಷಿದಾರನಿಗೆ 'ಫೇಸ್‌ಬುಕ್ ಸ್ವಚ್ಛ ಮಾಡ್ಕೋ' ಅಂತ ಹೇಳಿಸಿದ್ದರಂತೆ. ಕೋರ್ಟು ಅವರ ಮೇಲೆ ಸುಮಾರು 5.42 ಲಕ್ಷ ಡಾಲರ್, ಕಕ್ಷಿದಾರನ ಮೇಲೆ 1.8 ಲಕ್ಷ ಡಾಲರ್ ಹೇರಿತು. ಇದನ್ನು ಭಾವನಿಗೆ ಹೇಳಿದೆ. ರೂಪಾಯಿಗೆ ಎಷ್ಟಾಗುತ್ತೆ ಅಂತ ಲೆಕ್ಕ ಹಾಕಿ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಆಮೇಲೆ ವಾಯಿದೆ ಮೇಲೆ ವಾಯಿದೆ. ಭಾವನ ಜೊತೆ ಪ್ರತಿ ಸಲ ನಾನೇ ಹೋಗ್ತಿದ್ದೆ. ಕೋರ್ಟಿನ ವರಾಂಡದಲ್ಲಿ ಕೂತು ಮಳೆ ನೋಡೋದು ಬಿಟ್ಟರೆ ಇದ್ದ ಇನ್ನೊಂದು ಕೆಲಸ ನಮ್ಮ ವಕೀಲರ ಜೂನಿಯರ್ ಹುಡುಗನ ತಲೆ ತಿನ್ನೋದು. ಬುದ್ಧಿವಂತ ಹುಡುಗ, ಸಿಡುಕದೆ ಉತ್ತರ ಕೊಡ್ತಿದ್ದ.

ಒಂದು ದಿನ ಕೇಳಿದೆ, ಸ್ಕ್ರೀನ್‌ಶಾಟನ್ನು ಹೇಗಪ್ಪಾ ಕೋರ್ಟು ನಂಬುತ್ತೆ, ನನ್ನ ಮಗಳು ಎರಡು ನಿಮಿಷದಲ್ಲಿ ಯಾರ ಹೆಸರಲ್ಲಿ ಬೇಕಾದರೂ ಒಂದು ಚಾಟ್ ತಯಾರು ಮಾಡ್ತಾಳೆ ಅಂತ. ಅವನು ನಕ್ಕು, ಸುಮ್ನೆ ನಂಬಲ್ಲ ಸಾರ್, ಅದಕ್ಕೇ 65ಬಿ ಇರೋದು ಅಂದ.

ಈ 65ಬಿ ಅನ್ನೋ ಪದ ಆ ವರಾಂಡದಲ್ಲಿ 'ಕಾಫಿ ಆಯ್ತಾ' ಅನ್ನುವಷ್ಟೇ ಸಲ ಕೇಳಿಸುತ್ತೆ. 1872ರ ಸಾಕ್ಷ್ಯ ಕಾಯ್ದೆಗೆ ಐಟಿ ಕಾಯ್ದೆ ಬಂದಾಗ, 2000ದಲ್ಲಿ, ಸೇರಿಸಿದ ಸೆಕ್ಷನ್ ಅದು. ಕಂಪ್ಯೂಟರಿಂದಲೋ ಫೋನಿಂದಲೋ ತೆಗೆದ ನಕಲು ಕೊಡೋದಾದರೆ ಜೊತೆಗೊಂದು ಸರ್ಟಿಫಿಕೇಟ್ ಕೊಡಬೇಕು. ಯಾವ ಸಾಧನ, ಅದರಿಂದ ಹೇಗೆ ತೆಗೆದದ್ದು, ಅದು ಸರಿಯಾಗಿ ಕೆಲಸ ಮಾಡ್ತಿತ್ತಾ, ಇಷ್ಟನ್ನು ಬರೆದು ಅದರ ಜವಾಬ್ದಾರಿ ಇರುವವರು ಸಹಿ ಹಾಕಬೇಕು. ಇದು ಬೇಕೇ ಬೇಕಾ ಅನ್ನೋದರ ಮೇಲೆ ಸುಪ್ರೀಂ ಕೋರ್ಟೇ ವರ್ಷಗಟ್ಟಲೆ ಆಚೆ ಈಚೆ ತೂಗಿದೆ. 2005ರಲ್ಲಿ, ಸಂಸತ್ತಿನ ಮೇಲಿನ ದಾಳಿಯ ಕೇಸಿನಲ್ಲಿ, ಸರ್ಟಿಫಿಕೇಟ್ ಇಲ್ಲದಿದ್ದರೂ ನಡೆಯುತ್ತೆ ಅಂದಿತು. 2014ರಲ್ಲಿ ಕೇರಳದ ಒಂದು ಚುನಾವಣೆ ತಕರಾರಿನಲ್ಲಿ ಅದನ್ನು ತಿರುಗಿಸಿತು. ಅಲ್ಲಿ ಪ್ರಚಾರದ ಹಾಡು ಭಾಷಣಗಳನ್ನು ರೆಕಾರ್ಡ್ ಮಾಡಿ, ಕಂಪ್ಯೂಟರಿಗೆ ಹಾಕಿ, ಸಿಡಿ ಮಾಡಿ ಕೊಟ್ಟಿದ್ದರು. ಸರ್ಟಿಫಿಕೇಟ್ ಇರಲಿಲ್ಲ, ಸಿಡಿಗಳೆಲ್ಲ ದಂಡ ಆದವು. 2018ರಲ್ಲಿ ಮತ್ತೆ ಸ್ವಲ್ಪ ಸಡಿಲ. 2020ರ ಜುಲೈನಲ್ಲಿ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಕೇಸಿನಲ್ಲಿ ಮೂವರು ನ್ಯಾಯಮೂರ್ತಿಗಳು ಕೂತು, ಬೇಕೇ ಬೇಕು ಅಂತ ಮುಗಿಸಿದರು. ಅದೂ ಚುನಾವಣೆ ಜಗಳವೇ, ಮಹಾರಾಷ್ಟ್ರದ ಜಾಲ್ನಾದ್ದು. ನಾಮಪತ್ರ ಮಧ್ಯಾಹ್ನ ಮೂರರ ಒಳಗೆ ಕೊಟ್ಟರಾ ಇಲ್ವಾ ಅನ್ನೋದಕ್ಕೆ ಚುನಾವಣಾಧಿಕಾರಿ ಕಚೇರಿಯ ವಿಡಿಯೋ ಸಾಕ್ಷಿ.

ಆದರೆ ಅದೇ ತೀರ್ಪಿನಲ್ಲಿ ನಮಗೆ ಬೇಕಾದ ಒಂದು ಮಾತಿತ್ತು. ಮೂಲ ಸಾಧನವನ್ನೇ ತಂದು, ಅದರ ಮಾಲೀಕ ಕಟಕಟೆಗೆ ಬಂದು, ಇದು ನನ್ನದು, ಇದರಲ್ಲೇ ಇದೆ ನೋಡಿ ಅಂತ ತೋರಿಸಿದರೆ ಸರ್ಟಿಫಿಕೇಟ್ ಬೇಕಾಗಿಲ್ಲ.

ಹಾಗಾದರೆ ಆ ಕಂಪನಿಯವರ ಪ್ರಿಂಟೌಟಿಗೆ ಸರ್ಟಿಫಿಕೇಟ್ ಇತ್ತಾ ಅಂತ ನೀವು ಕೇಳಬಹುದು. ನಾನೂ ಕೇಳಿದೆ, ಸ್ವಲ್ಪ ಜೋರಾಗೇ. ಇರಲಿಲ್ಲ. ಆದರೆ ಭಾವ ಮೂರು ಸಲ ಹೌದು ಅಂದಿದ್ದರಲ್ಲ. ನಾನೇ ಹಾಕಿದ್ದು ಅಂತ ಬಾಯಲ್ಲೇ ಒಪ್ಪಿಕೊಂಡ ಮೇಲೆ ಕಾಗದದ ಮೇಲೆ ತಕರಾರು ಮಾಡಿ ಏನು ಗಿಟ್ಟುತ್ತೆ ಅಂದರು ವಕೀಲರು. ಸಾಲದ್ದಕ್ಕೆ ಅಪಘಾತ ಪರಿಹಾರದ ಕೇಸುಗಳಲ್ಲಿ ವಿಚಾರಣೆಯೇ ಸ್ವಲ್ಪ ಸರಳ, ಕ್ರಿಮಿನಲ್ ಕೇಸಿನಷ್ಟು ಬಿಗಿ ಇಲ್ಲ. ಬಿಗಿ ಇಲ್ಲದಿರೋದು ಗಾಯಾಳುವಿಗೆ ಅನುಕೂಲ ಆಗಲಿ ಅಂತ. ನಮಗೆ ಅದು ಉಲ್ಟಾ ಹೊಡೀತು.

ವರಾಂಡದಲ್ಲಿ ಕೂತಾಗ ಕಿವಿಗೆ ಬೀಳೋದು ನಮ್ಮ ಕೇಸು ಒಂದೇ ಅಲ್ಲವಲ್ಲ. ಗಂಡ ಹೆಂಡತಿ ಕೇಸುಗಳಲ್ಲಂತೂ ವಾಟ್ಸಾಪ್ ಚಾಟಿನ ಕಟ್ಟು ಹಿಡಿದೇ ಬರ್ತಾರೆ, ಒಂದೊಂದು ಕಟ್ಟು ಕುಟುಂಬ ಪುರಾಣದಷ್ಟು ದಪ್ಪ. ಫ್ಯಾಮಿಲಿ ಕೋರ್ಟಿಗೆ ಕಾನೂನೇ ಸಡಿಲ ಕೊಟ್ಟಿದೆ, 1984ರ ಕಾಯ್ದೆಯ 14ನೇ ಸೆಕ್ಷನ್, ಜಗಳ ತೀರಿಸೋಕೆ ಉಪಯೋಗ ಅನ್ನಿಸಿದರೆ ಯಾವ ದಾಖಲೆಯನ್ನೂ ನೋಡಬಹುದು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿ, ಗಂಡನೋ ಹೆಂಡತಿಯೋ ಕದ್ದು ರೆಕಾರ್ಡ್ ಮಾಡಿದ ಫೋನ್ ಮಾತೂ ಅವರ ವಿಚ್ಛೇದನದ ಕೇಸಿನಲ್ಲಿ ಸಾಕ್ಷಿಯಾಗಬಹುದು ಅಂದಿದೆ. ಈ ಸುದ್ದಿ ಓದಿದ ದಿನ ಅಕ್ಕ ಭಾವ ಇಬ್ಬರೂ ಒಬ್ಬರ ಫೋನನ್ನು ಒಬ್ಬರು ನೋಡಿದ ರೀತಿ ನೋಡಬೇಕಿತ್ತು. ಮುಂಬೈ ಹೈಕೋರ್ಟು 2018ರಲ್ಲೇ, ನೋಟಿಸಿನ ಪಿಡಿಎಫ್ ವಾಟ್ಸಾಪಿನಲ್ಲಿ ಕಳಿಸಿ ನೀಲಿ ಟಿಕ್ ಬಿದ್ದರೆ ತಲುಪಿದ ಹಾಗೇ ಅಂದಿತ್ತು. ನೀಲಿ ಟಿಕ್ ಆಫ್ ಮಾಡಿಟ್ಟವರು ಕಿಲಾಡಿಗಳು, ಅಷ್ಟೇ.

ನಮ್ಮ ಕೊಡಗಿಗೇ ಸೇರಿದ ವಿಷಯ ಇನ್ನೊಂದಿದೆ. ಕೋವಿ. ಕೊಡವರಿಗೆ, ಜಮ್ಮಾ ಅನ್ನೋ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಅದನ್ನು ಹತ್ತು ವರ್ಷಕ್ಕೆ, 2029ರವರೆಗೆ, ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಸರಿ ಅಂದಿತು. ಕೈಲ್‌ಪೊಳ್ದ್ (ಕೊಡಗಿನ ಆಯುಧ ಪೂಜೆ) ದಿನ ಕೋವಿಗೆ ಹೂ ಇಟ್ಟು ಪೂಜೆ ಮಾಡಿ ಫೋಟೋ ಹಾಕೋದು ಇಲ್ಲಿ ದೀಪಾವಳಿಗೆ ಹಣತೆ ಫೋಟೋ ಹಾಕಿದಷ್ಟೇ ಸಹಜ. ನನಗೆ ಹೆದರಿಕೆ ಆಗೋದು ಬೇರೆ ಥರದ ಪೋಸ್ಟು ನೋಡಿದಾಗ. ಬೆಂಗಳೂರಿಂದ ಬಂದ ನೆಂಟ ಅದೇ ಕೋವಿ ಹಿಡಿದು ಮೀಸೆ ತಿರುವಿ ರೀಲ್ಸ್ ಮಾಡ್ತಾನೆ. ವಿನಾಯಿತಿ ಮನೆಯವರಿಗೆ, ಮನೆಗೆ ಬಂದವರಿಗೆಲ್ಲ ಅಲ್ಲ. 2019ರ ತಿದ್ದುಪಡಿ ಬಂದಮೇಲೆ, ಸಂಭ್ರಮಕ್ಕೆ ಅಂತ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲ ಒಂದು ಲಕ್ಷದವರೆಗೆ ದಂಡ, ಇಲ್ಲ ಎರಡೂ. ಮೊದಲಾದರೆ ಇಂಥದ್ದಕ್ಕೆ ಸಾಕ್ಷಿ ಹೇಳೋಕೆ ಊರಲ್ಲಿ ಒಬ್ಬನೂ ಸಿಗ್ತಿರಲಿಲ್ಲ. ಈಗ ಆರೋಪಿಯೇ ಹಾಡು ಹಾಕಿ, ಊರಿನ ಹೆಸರು ಟ್ಯಾಗ್ ಮಾಡಿ, ನಾಲ್ಕು ಕೋನದಿಂದ ಸಾಕ್ಷಿ ತಯಾರು ಮಾಡಿಡ್ತಾನೆ. ಕಾಡುಹಂದಿ ಹೊಡೆದು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಗ್ರೂಪಿಗೆ ಹಾಕುವವರ ಬಗ್ಗೆ ನಾನು ಏನೂ ಹೇಳಲ್ಲ. ಅವರ ಗ್ರೂಪಿನಲ್ಲಿ ನಾನೂ ಇದ್ದೇನೆ.

ನಾನು ಹಾಕಿದ್ದಲ್ಲ, ಬರೀ ಫಾರ್ವರ್ಡ್ ಮಾಡಿದ್ದು ಅನ್ನೋದೂ ನಡೆಯಲ್ಲ. ಪತ್ರಕರ್ತೆಯರ ಬಗ್ಗೆ ಯಾರೋ ಬರೆದ ಕೆಟ್ಟ ಪೋಸ್ಟನ್ನು ತಮಿಳು ನಟ ಎಸ್.ವೆ. ಶೇಖರ್ 2018ರಲ್ಲಿ ಫೇಸ್‌ಬುಕ್ಕಿನಲ್ಲಿ ಹಂಚಿಕೊಂಡಿದ್ದರು. ಓದದೆ ಹಾಕಿದೆ, ಆಮೇಲೆ ಅಳಿಸಿದೆ, ಕ್ಷಮೆನೂ ಕೇಳಿದೆ ಅಂದರು. ಮೆಸೇಜ್ ಅಂದರೆ ಬಿಲ್ಲಿಂದ ಬಿಟ್ಟ ಬಾಣದ ಹಾಗೆ ಅಂತ ಮದ್ರಾಸ್ ಹೈಕೋರ್ಟು ಕೇಸು ರದ್ದು ಮಾಡಲಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟೂ ಮಾಡಲಿಲ್ಲ.

ಸರಿ, ನಮ್ಮ ಕತೆಗೆ ಬರೋಣ.

ನನ್ನ ಹಳೇ ಡಿಜಿಟಲ್ ಕ್ಯಾಮೆರಾ ಅಟ್ಟದ ಮೇಲಿತ್ತು. ಮೆಮೊರಿ ಕಾರ್ಡ್ ಅದರೊಳಗೇ ಇತ್ತು, ಅಷ್ಟು ಮಳೆಗಾಲ ಕಳೆದರೂ ಬೂಸಲು ಹಿಡಿದಿರಲಿಲ್ಲ. ಕೊಡಗಿನಲ್ಲಿ ಇದಕ್ಕಿಂತ ದೊಡ್ಡ ಪವಾಡ ಬೇಡ. ಫೋಟೋ ಸಿಕ್ಕಿತು. ಫೇಸ್‌ಬುಕ್ಕಿಗೆ ಹಾಕಿದ ಫೋಟೋ ಇಳಿಸಿಕೊಂಡರೆ ಅದರೊಳಗೆ ತೆಗೆದ ತಾರೀಕು ಇರಲ್ಲ, ಹಾಕುವಾಗಲೇ ಆ ಮಾಹಿತಿ ಕಿತ್ತು ಹೋಗಿರುತ್ತೆ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೂ ಅದೇ ಕತೆ, ಡಾಕ್ಯುಮೆಂಟ್ ಅಂತ ಕಳಿಸಿದರೆ ಮಾತ್ರ ಉಳಿಯುತ್ತೆ. ಕ್ಯಾಮೆರಾ ಕಾರ್ಡಿನ ಫೈಲಿನಲ್ಲಿ ಎಲ್ಲ ಇತ್ತು. 12-02-2017, ಭಾನುವಾರ.

ಜೂನಿಯರ್ ಹುಡುಗ ಆ ಫೈಲಿಗೆ ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಗುರುತು, ತೆಗೆದು ತೋರಿಸಿದ. ಇದು ನನಗೆ ಹೊಸದು. ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿದ, 64 ಅಕ್ಷರ ಅಂಕಿಗಳ ಒಂದು ಸಾಲು ಬಂತು. ಆಮೇಲೆ ಫೋಟೋದ ಒಂದು ನಕಲು ಮಾಡಿ, ಮೂಲೆಯಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಒಂದು ಚುಕ್ಕೆ ಇಟ್ಟು ಮತ್ತೆ ಒತ್ತಿದ. ಸಾಲು ಪೂರ್ತಿ ಬೇರೆ, ಒಂದಕ್ಕೊಂದು ಸಂಬಂಧವೇ ಇಲ್ಲ. 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 65ಬಿ ಬದಲು 63ನೇ ಸೆಕ್ಷನ್. ಅದರ ಸರ್ಟಿಫಿಕೇಟಿನಲ್ಲಿ ಎರಡು ಭಾಗ, ಒಂದಕ್ಕೆ ನಾವು ಸಹಿ ಹಾಕಬೇಕು, ಇನ್ನೊಂದಕ್ಕೆ ತಜ್ಞರು, ಜೊತೆಗೆ ಈ ಹ್ಯಾಶನ್ನೂ ಬರೀಬೇಕು. ಹಳ್ಳಿಯವನೊಬ್ಬ ತಜ್ಞನನ್ನು ಎಲ್ಲಿಂದ ತರ್ತಾನೆ ಅನ್ನೋ ಪ್ರಶ್ನೆ ನನಗೆ ಇನ್ನೂ ಉಳಿದಿದೆ. ನಮ್ಮ ಕೇಸು ಆ ತಾರೀಕಿಗೆ ಮುಂಚಿನದು, ಹಾಗಾಗಿ ಹಳೇ ಕಾನೂನೇ ನಡೀತು. ನಮ್ಮ ವಕೀಲರು ಹೆದರಿಕೆ ಸ್ವಭಾವದವರು, ಕಾರ್ಡೂ ಇರಲಿ, 65ಬಿ ಸರ್ಟಿಫಿಕೇಟೂ ಇರಲಿ ಅಂದರು.

2024ರ ಸೆಪ್ಟೆಂಬರಿನಲ್ಲಿ ನಾನು ಕಟಕಟೆ ಹತ್ತಿದೆ. ಗಂಟಲು ಒಣಗಿತ್ತು. ಕಂಪನಿ ವಕೀಲರು ಅದೇ ಮೃದು ದನಿಯಲ್ಲಿ ಶುರು ಮಾಡಿದರು.

'ಕ್ಯಾಮೆರಾದಲ್ಲಿ ತಾರೀಕನ್ನು ನಾವೇ ಬೇಕಾದ ಹಾಗೆ ಇಡಬಹುದು ಎಂದರೆ ಸರಿ ಅಲ್ವಾ?'

ಸರಿ ಅಂದೆ.

'ಈ ಫೈಲಿನಲ್ಲಿ ಸಮಯ ಎಷ್ಟಿದೆ, ಓದಿ.'

ಓದಿದೆ. ಬೆಳಗಿನ ಜಾವ 3:40. ಅಲ್ಲಿವರೆಗೂ ನಾನಾಗಲಿ, ನಮ್ಮ ವಕೀಲರಾಗಲಿ, ಆ ಹುಡುಗನಾಗಲಿ ಅದನ್ನು ನೋಡೇ ಇರಲಿಲ್ಲ. ಎಲ್ಲರೂ ತಾರೀಕನ್ನೇ ನೋಡಿದ್ದು. ಎಂದೋ ಬ್ಯಾಟರಿ ಬದಲಿಸಿದಾಗ ಹಗಲು ರಾತ್ರಿ ಅದಲುಬದಲು ಮಾಡಿಟ್ಟಿದ್ದೆ ಅನ್ನಿಸುತ್ತೆ.

'ನಿಮ್ಮ ಊರಿನಲ್ಲಿ ಬೆಳಗಿನ ಜಾವ ಮೂರೂ ಮುಕ್ಕಾಲಿಗೆ ಬಿಸಿಲು ಬರುತ್ತಾ?'

ಯಾರೋ ಹಿಂದಿನಿಂದ ನಕ್ಕರು. ಜಡ್ಜ್ ಸಾಹೇಬರೂ ತಲೆ ತಗ್ಗಿಸಿದರು, ನಗು ಅಡಗಿಸೋಕೆ ಇರಬೇಕು. ನನ್ನ ಕಿವಿ ಬಿಸಿಯಾಯಿತು. ಗಡಿಯಾರ ತಪ್ಪು ಅಂತ ಒಪ್ಪಿದರೆ ತಾರೀಕೂ ತಪ್ಪಿರಬಹುದು, ಒಪ್ಪದಿದ್ದರೆ ನಾನು ಹುಚ್ಚ. ಗಡಿಯಾರ ತಪ್ಪಿದೆ ಸಾರ್ ಅಂದೆ. ಬರೆದುಕೊಂಡರು.

ಆಗ ಉಳಿಸಿದ್ದು ಕೊಟ್ಟಿಗೆ.

ಫೋಟೋ ದಿಟ್ಟಿಸಿ ನೋಡಿದರೆ ಏಣಿಯ ಎಡಕ್ಕೆ, ಮರದ ಸಂದಿಯಲ್ಲಿ, ಹೆಂಚಿನ ಮಾಡು ಕಾಣುತ್ತೆ. ಒಂದು ಮೂಲೆ ಕುಸಿದು ಅಲ್ಲಿಗೆ ನೀಲಿ ತಾಡಪಾಲು ಹೊದಿಸಿದ್ದಾರೆ. ಅದು ಭಾವನ ದನದ ಕೊಟ್ಟಿಗೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳೇ ಜಾರಿ ಬಂದ ಆ ವಾರ, ಹಿಂದಿನ ಮಣ್ಣಿನ ಬರೆ ಕುಸಿದು ಕೊಟ್ಟಿಗೆ ಪೂರ್ತಿ ಮಣ್ಣಾಯಿತು. ದನಗಳನ್ನು ಹಿಂದಿನ ದಿನ ಬಿಚ್ಚಿದ್ದರು, ಪುಣ್ಯ. ಪರಿಹಾರಕ್ಕೆ ಅರ್ಜಿ ಕೊಟ್ಟಾಗ ಗ್ರಾಮ ಲೆಕ್ಕಿಗರು ಬಂದು ಮಹಜರು ಮಾಡಿದ್ದರು, ಫೋಟೋ ಸಮೇತ. ಆ ಜಾಗದಲ್ಲಿ ಮತ್ತೆ ಏನೂ ಕಟ್ಟಿಲ್ಲ, ಈಗ ಅಲ್ಲಿ ಬಾಳೆ ಇದೆ. ಮಹಜರಿನ ದೃಢೀಕೃತ ನಕಲನ್ನು ನಾವು ಮೊದಲೇ ಹಾಕಿದ್ದೆವು. ಇದನ್ನು ನೆನಪಿಸಿದ್ದು ಅಕ್ಕ, ವಕೀಲರಲ್ಲ. ತಾಡಪಾಲು ನೋಡಿದ ತಕ್ಷಣ, 'ಇದು ಬಿದ್ದು ಹೋದ ಕೊಟ್ಟಿಗೆ ಅಲ್ವಾ' ಅಂದಿದ್ದಳು, ಒಗ್ಗರಣೆ ಸೌಟು ಕೈಯಲ್ಲೇ ಇತ್ತು.

ಮರು ವಿಚಾರಣೆಯಲ್ಲಿ ನಮ್ಮ ವಕೀಲರು ಎರಡು ಫೋಟೋಗಳನ್ನೂ ಪಕ್ಕಪಕ್ಕ ಇಟ್ಟರು. ಕುಸಿದ ರಾಶಿಯಲ್ಲೂ ಆ ನೀಲಿ ತಾಡಪಾಲಿನ ಒಂದು ಚೂರು ಹೊರಗೆ ಚಾಚಿತ್ತು. ಸಾಹೇಬರು ಕನ್ನಡಕ ತೆಗೆದು, ಎರಡನ್ನೂ ಕಣ್ಣಿನ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ಕಂಪನಿಯವರ ಪ್ರಿಂಟೌಟನ್ನೂ ತರಿಸಿಕೊಂಡು ನೋಡಿದರು. ಅದರಲ್ಲೂ ತಾಡಪಾಲು ಇತ್ತು. ಕೊಟ್ಟಿಗೆ ಬಿದ್ದು ನಾಲ್ಕೂವರೆ ವರ್ಷ ಆದ ಮೇಲೆ ಹಾಕಿದ ಪೋಸ್ಟಿನಲ್ಲಿ ಕೊಟ್ಟಿಗೆ ನಿಂತೇ ಇತ್ತು. ಕಂಪನಿ ವಕೀಲರು ಏನೂ ಕೇಳಲಿಲ್ಲ.

ಅಷ್ಟೆಲ್ಲ ಹ್ಯಾಶು, ಸರ್ಟಿಫಿಕೇಟು, ಕಾರ್ಡು, ಕೊನೆಗೆ ಕೈ ಹಿಡಿದಿದ್ದು ಲೆಕ್ಕಿಗರ ಕೈಬರಹದ ಎರಡು ಪುಟ. ಕಂಪ್ಯೂಟರ್ ಸಾಕ್ಷಿಗೆ ನಾನು ಬೈತಿಲ್ಲ. ಕಾರ್ಡು ಇಲ್ಲದಿದ್ದರೆ ಇಷ್ಟು ಸ್ಪಷ್ಟವಾಗಿ ತಾಡಪಾಲು ಕಾಣ್ತಾನೂ ಇರಲಿಲ್ಲ, ಫೇಸ್‌ಬುಕ್ ಪ್ರಿಂಟಿನಲ್ಲಿ ಅದೊಂದು ನೀಲಿ ಮಸಿ, ಇದೇ ಅಂತ ಗೊತ್ತಿದ್ದವರಿಗೆ ಮಾತ್ರ ಕಾಣುತ್ತೆ. ಆದರೆ ಫೇಸ್‌ಬುಕ್ ತಾರೀಕು ಹೇಳೋದು ಯಾವಾಗ ಹಾಕಿದ್ದು ಅನ್ನೋದನ್ನ ಮಾತ್ರ. ಯಾವಾಗ ನಡೆದಿದ್ದು ಅಂತ ಅದಕ್ಕೇನು ಗೊತ್ತು? ಅಷ್ಟು ಓದಿದ ವಕೀಲರು ಈ ಎರಡನ್ನು ಒಂದೇ ಅಂತ ವಾದಿಸಿದ್ದಕ್ಕೆ ನನಗೆ ಇನ್ನೂ ಸಿಟ್ಟಿದೆ. ಭಾವನ ಮೇಲೆ ಅದಕ್ಕಿಂತ ಜಾಸ್ತಿ ಇದೆ.

ಕೇಸು ಈಗ ವಾದಕ್ಕೆ ಬಂದು ನಿಂತಿದೆ. ಎರಡು ವಾಯಿದೆ ಹೋಯಿತು, ಮೂರನೆಯದು ಮುಂದಿನ ತಿಂಗಳು. ನನ್ನ ಕಾರ್ಡು ಒಂದು ಕಂದು ಲಕೋಟೆಯಲ್ಲಿ, ಅರಗು ಹಾಕಿ, ಎಂ.ಓ. 1 (ಮೆಟೀರಿಯಲ್ ಆಬ್ಜೆಕ್ಟ್, ಅಂದರೆ ಸಾಕ್ಷಿ ವಸ್ತು) ಅಂತ ಬರೆದು ಕಡತದ ಜೊತೆ ಇದೆ. ಕೇಸು ಮುಗಿದು, ಅಪೀಲಿನ ಅವಧಿಯೂ ಮುಗಿದ ಮೇಲೆ ಅರ್ಜಿ ಹಾಕಿದರೆ ವಾಪಸ್ ಕೊಡ್ತಾರಂತೆ. ಅದರಲ್ಲಿ ಮೆಣಸಿನ ಫೋಟೋ ಇರೋದು ಒಂದೇ. ಉಳಿದ ಇನ್ನೂರು ಚಿಲ್ಲರೆಯಲ್ಲಿ ನನ್ನ ಮಗಳು ಮೊದಲ ದಿನ ಸ್ಕೂಲಿಗೆ ಹೊರಟಿದ್ದಾಳೆ, ಅಜ್ಜಿ ಕೊನೆಯ ಹುತ್ತರಿ ಹಬ್ಬದಲ್ಲಿ ಕದಿರು ಹಿಡಿದು ಕಣ್ಣು ಮುಚ್ಚಿದ್ದಾಳೆ, ನಮ್ಮ ನಾಯಿ ಇದೆ. ಎಲ್ಲದರ ಕಾಪಿ ನನ್ನ ಹತ್ತಿರ ಇದೆ, ಆದರೂ ಅಜ್ಜಿ ಕೋರ್ಟಿನ ಬೀರುವಿನಲ್ಲಿ ಕೂತಿದ್ದಾಳೆ ಅಂತ ಆಗಾಗ ಅನ್ನಿಸುತ್ತೆ. ಅವಳ ಫೋಟೋಗಳಲ್ಲೂ ಸಮಯ ಹನ್ನೆರಡು ಗಂಟೆ ತಪ್ಪೇ ಇದೆ, ಮೊನ್ನೆ ನೋಡಿದೆ. ರಾತ್ರಿ ತೆಗೆದ ಕದಿರಿಗೆ ಬೆಳಗ್ಗೆ 8:15 ಅಂತ ಬರೆದಿದೆ.